ಅರವತ್ತು ದಿನದ ಕೋಟೆವಾಸ: ಜನರಲ್ ಬೊಲಾರ್ದಿಯೇರ್ ಪ್ರಕರಣ, 1957

1957ರ ಏಪ್ರಿಲ್‌ನಲ್ಲಿ ಫ್ರೆಂಚ್ ಸೈನ್ಯ ತನ್ನದೇ ಒಬ್ಬ ಜನರಲ್‌ನ 60 ದಿನ ಕೋಟೆಯಲ್ಲಿ ಕೂಡಿ ಹಾಕ್ತು. ಹೆಸ್ರು ಜಾಕ್ ಪಾರಿ ದ ಬೊಲಾರ್ದಿಯೇರ್. ಯುದ್ಧದಲ್ಲಿ ಬೆನ್ನು ತೋರಿಸಿದವ್ರಲ್ಲ, ದುಡ್ಡು ತಿಂದವ್ರಲ್ಲ, ಶತ್ರುಗೆ ಗುಟ್ಟು ಬಿಟ್ಟುಕೊಟ್ಟವ್ರಲ್ಲ. ಒಂದು ಪತ್ರ ಬರೆದಿದ್ರು, ಅದು ಪತ್ರಿಕೇಲಿ ಅಚ್ಚಾಯ್ತು, ಅಷ್ಟೇ. ಅದೇ ತಿಂಗಳುಗಳಲ್ಲಿ, ಆಗ ಫ್ರಾನ್ಸ್ ಆಳ್ತಿದ್ದ ಆಲ್ಜೀರಿಯಾದ ರಾಜಧಾನಿ ಆಲ್ಜಿಯರ್ಸ್ ಊರಲ್ಲಿ ಅದೇ ಸೈನ್ಯದವ್ರು ಹಿಡಿದು ತಂದವ್ರಿಗೆ ಕರೆಂಟ್ ಕೊಡ್ತಿದ್ರು, ತಲೇನ ನೀರಲ್ಲಿ ಮುಳುಗಿಸ್ತಿದ್ರು, ಎಷ್ಟೋ ಜನ ಮನೆಗೆ ವಾಪಸ್ ಬರ್ಲೇ ಇಲ್ಲ, ಅದನ್ನ ಮಾಡಿಸಿದ ಯಾವ ಜನರಲ್‌ಗೂ ಅದಕ್ಕಾಗಿ ಒಂದು ದಿನದ ಶಿಕ್ಷೆ ಆಗ್ಲಿಲ್ಲ.

ಈ ಪ್ರಕರಣನ ಸಾಮಾನ್ಯವಾಗಿ "ಆತ್ಮಸಾಕ್ಷಿ ಇದ್ದ ಜನರಲ್" ಅಂತ ಒಂದು ಸಾಲಲ್ಲಿ ಹೇಳಿ ಮುಗಿಸಿಬಿಡ್ತಾರೆ. ನನಗೆ ಅದು ಸಾಕಾಗಲ್ಲ. ಆ ಮಾರ್ಚ್ ತಿಂಗಳಲ್ಲಿ ಅವ್ರು ಯಾವುದಾದ್ಮೇಲೆ ಯಾವುದು ಮಾಡಿದ್ರು ಅನ್ನೋದನ್ನ ಗಮನ ಇಟ್ಟು ನೋಡ್ಬೇಕು. ಮೊದಲು ತಮ್ಮ ಕೈಯಲ್ಲಿದ್ದ ಜಾಗದಲ್ಲಿ ಬೇರೆ ದಾರಿ ಹಿಡಿದು ಕೆಲಸ ಮಾಡಿದ್ರು, ಆಮೇಲೆ ಮೇಲಿನವ್ರ ಮುಖಕ್ಕೇ ಹೇಳಿದ್ರು, ಆಮೇಲೆ ಹುದ್ದೆ ಬಿಡ್ತೀನಿ ಅಂದ್ರು, ಕಟ್ಟಕಡೆಗೆ, ಅದೂ ಕೈಕೆಳಗಿದ್ದ ಒಬ್ಬ ಲೆಫ್ಟಿನೆಂಟ್ ಕೇಸಲ್ಲಿ ಸಿಕ್ಕಿಕೊಂಡಾಗ, ಆ ಪತ್ರ ಬರೆದ್ರು. ಈ ಕ್ರಮ ನನಗೆ ತುಂಬಾ ಮುಖ್ಯ ಅನ್ಸುತ್ತೆ.

ಹುಟ್ಟಿದ್ದು 1907ರ ಡಿಸೆಂಬರ್ 16, ಪಶ್ಚಿಮ ಫ್ರಾನ್ಸಿನ ಶಾತೋಬ್ರಿಯಾಂನಲ್ಲಿ. ಸೈನಿಕರ ಮನೆತನ, ಕ್ಯಾಥಲಿಕ್ ಮನೆ, ಹಾಗಾಗಿ ಸೇಂಟ್ ಸೀರ್ ಮಿಲಿಟರಿ ಅಕಾಡೆಮಿಗೆ ಸೇರಿದ್ದು ಆಶ್ಚರ್ಯ ಅಲ್ಲ. ಆದ್ರೆ ಅಲ್ಲಿಂದ ಹೊರಗೆ ಬಂದಾಗ ಜೊತೆಗಿದ್ದವ್ರೆಲ್ಲ ಅಧಿಕಾರಿಗಳಾದ್ರು, ಇವ್ರು ಮಾತ್ರ ಶಿಸ್ತು ಸಾಲದು ಅಂತ ಸಾರ್ಜೆಂಟ್ ದರ್ಜೆಯಲ್ಲಿ ಬಂದ್ರು. ಮುಂದೆ ಫಾರಿನ್ ಲೀಜನ್‌ಗೆ ಹೋದ್ರು. 1940ರಲ್ಲಿ ಲೀಜನ್ನಿನ 13ನೇ ಅರೆ-ಬ್ರಿಗೇಡ್ ಜೊತೆ ನಾರ್ವೆಯ ನಾರ್ವಿಕ್‌ನಲ್ಲಿ ಜರ್ಮನ್ನರ ವಿರುದ್ಧ ಹೋರಾಡಿ, ವಾಪಸ್ ಬರೋ ಹೊತ್ತಿಗೆ ಫ್ರಾನ್ಸ್ ಸೋತುಹೋಗಿತ್ತು. ಅಲ್ಲಿ ನಿಲ್ಲಲಿಲ್ಲ, ಇಂಗ್ಲೆಂಡ್‌ಗೆ ಹೋಗಿ, ಸೋಲು ಒಪ್ಪದೆ ಅಲ್ಲಿಂದ ಹೋರಾಟ ಮುಂದುವರಿಸ್ತಿದ್ದ ಜನರಲ್ ದ ಗಾಲ್ ಜೊತೆ ಸೇರಿಕೊಂಡ್ರು. ಅಷ್ಟು ಬೇಗ ಹೋದ ವೃತ್ತಿಪರ ಅಧಿಕಾರಿಗಳು ಕೆಲವೇ ಜನ, ಯಾಕಂದ್ರೆ ಕಾನೂನು ಪ್ರಕಾರ ಆಗ ಸರ್ಕಾರ ಇದ್ದದ್ದು ವಿಶಿ ಊರಲ್ಲಿ, ಜರ್ಮನ್ನರ ಜೊತೆ ರಾಜಿ ಮಾಡಿಕೊಂಡ ಸರ್ಕಾರ ಅದು, ಅಧಿಕೃತ ಆದೇಶ ಬರ್ತಿದ್ದದ್ದೂ ಅಲ್ಲಿಂದಲೇ. ಅಂದ್ರೆ 32ನೇ ವಯಸ್ಸಿಗೇ ಈ ಮನುಷ್ಯ ಒಂದು ಸಲ ಆದೇಶ ಮೀರಿ ಆಗಿತ್ತು, ಮತ್ತೆ ಅದಕ್ಕೇ ದೇಶ ಅವ್ರಿಗೆ ಪದಕ ಕೊಡ್ತು. ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ಎರಿಟ್ರಿಯಾ, ಉತ್ತರ ಆಫ್ರಿಕಾ, ಎಲ್ ಅಲಮೇನ್ ಎಲ್ಲಾ ಆಯ್ತು. ಅದನ್ನೆಲ್ಲ ಬೇಗ ದಾಟ್ತೀನಿ, ಯಾಕಂದ್ರೆ 1957 ಅರ್ಥ ಆಗ್ಬೇಕಾದ್ರೆ ನೋಡ್ಬೇಕಾದ್ದು 1944.

1944ರ ಏಪ್ರಿಲ್‌ನಲ್ಲಿ ಅವ್ರನ್ನ ಪ್ಯಾರಾಶೂಟ್‌ನಲ್ಲಿ ಬೆಲ್ಜಿಯಂ ಗಡಿ ಹತ್ರದ ಆರ್ಡೆನ್ ಕಾಡಿಗೆ ಇಳಿಸಿದ್ರು. ಮಿಷನ್‌ಗೆ ಸಿತ್ರೊನೆಲ್ ಅಂತ ಹೆಸ್ರು, ಇವ್ರ ಗುಪ್ತನಾಮ ಪ್ರಿಸ್ಮ್. ಕಾಡಲ್ಲಿ ಅಡಗಿದ್ದ ಹುಡುಗರನ್ನ, ಅಂದ್ರೆ 'ಮಾಕಿ' ಅಂತ ಕರೀತಿದ್ದ ಪ್ರತಿರೋಧ ದಳಗಳನ್ನ, ಒಟ್ಟು ಮಾಡೋದು, ಆಯುಧ ಕೊಡೋದು, ತರಬೇತಿ ಕೊಡೋದು ಕೆಲಸ. ಜೂನ್‌ನಲ್ಲಿ ನಾರ್ಮಂಡಿಯಲ್ಲಿ ಮಿತ್ರರಾಷ್ಟ್ರಗಳ ಸೈನ್ಯ ಇಳೀತು, ಹುಡುಗರೆಲ್ಲ ಉತ್ಸಾಹದಿಂದ ಕಾಡಿಗೆ ಬಂದು ಸೇರಿಕೊಂಡ್ರು, ಎಲ್ಲರಿಗೂ ಕೊಡೋಕೆ ಆಯುಧನೇ ಇರ್ಲಿಲ್ಲ. ಜೂನ್ 12ಕ್ಕೆ ಜರ್ಮನ್ನರು ರೆವಿನ್ ಹತ್ರದ ಮನೀಝ್ ಕಾಡನ್ನ ಸುತ್ತುವರಿದ್ರು. ಬೊಲಾರ್ದಿಯೇರ್ ಮತ್ತೆ ಒಂದಷ್ಟು ಜನ ತಪ್ಪಿಸಿಕೊಂಡು ಹೊರಗೆ ಬಂದ್ರು. ಸಿಕ್ಕಿಬಿದ್ದವ್ರಿಗೆ ಚಿತ್ರಹಿಂಸೆ ಕೊಟ್ಟು ಕೊಂದು ಕಾಡಲ್ಲೇ ಹೂತ್ರು, 106 ಜನ. ಇವ್ರ ಜೊತೆ ಇದ್ದ ಬ್ರಿಟಿಷ್ ಅಧಿಕಾರಿ ಡೆಸ್ಮಂಡ್ ಹಬಲ್ ಕೂಡ ಆ ದಿನಗಳಲ್ಲಿ ಸೆರೆ ಸಿಕ್ಕಿ, ಬುಕೆನ್‌ವಾಲ್ಡ್ ಕ್ಯಾಂಪಿನಲ್ಲಿ ಕೊಲೆಯಾದ್ರು.

ಜರ್ಮನ್ ಕಡತದಲ್ಲಿ ಆ 106 ಜನಕ್ಕೆ ಇದ್ದ ಹೆಸರು 'ಟೆರರಿಸ್ಟ್'. ಸಮವಸ್ತ್ರ ಇಲ್ಲ, ಸೇತುವೆ ರೈಲು ಹಾರಿಸ್ತಾರೆ, ಜನರ ಮಧ್ಯೆ ಅಡಗ್ತಾರೆ, ಹಾಗಾಗಿ ಇವ್ರಿಗೆ ಯುದ್ಧದ ನಿಯಮ ಅನ್ವಯ ಆಗಲ್ಲ ಅನ್ನೋ ವಾದ. ಹದಿಮೂರು ವರ್ಷ ಆದ್ಮೇಲೆ ಆಲ್ಜಿಯರ್ಸ್‌ನಲ್ಲಿ ಫ್ರೆಂಚ್ ಅಧಿಕಾರಿಗಳ ಬಾಯಲ್ಲಿ ಅದೇ ವಾದ, ಅದೇ ಪದ. ಆ ಪದದ ಇನ್ನೊಂದು ಬದಿಯಲ್ಲಿ ನಿಂತು ಬಂದ ಮನುಷ್ಯನಿಗೆ ಅದು ಹೇಗೆ ಕೇಳಿಸಿರಬಹುದು ಯೋಚ್ನೆ ಮಾಡಿ.

1945ರ ಏಪ್ರಿಲ್‌ನಲ್ಲಿ ಪ್ಯಾರಾಟ್ರೂಪರ್‌ಗಳ ಜೊತೆ ಹಾಲೆಂಡ್‌ನಲ್ಲಿ ಇಳಿದ್ರು. ಯುದ್ಧ ಮುಗಿಯೋ ಹೊತ್ತಿಗೆ ಎದೆ ಮೇಲೆ ಜಾಗ ಇಲ್ಲದಷ್ಟು ಪದಕ: ಒಟ್ಟು 1,038 ಜನರಿಗೆ ಮಾತ್ರ ಸಿಕ್ಕಿದ 'ವಿಮೋಚನೆಯ ಸಂಗಾತಿ' ಗೌರವ, ಬ್ರಿಟಿಷರ ಡಿ.ಎಸ್.ಓ. ಅನ್ನೋ ಯುದ್ಧಪದಕ ಎರಡು ಸಲ, ಮುಂದೆ ಲೀಜನ್ ಆಫ್ ಆನರ್‌ನಲ್ಲಿ ಗ್ರ್ಯಾಂಡ್ ಆಫೀಸರ್ ದರ್ಜೆ. ಆಮೇಲೆ ಇಂಡೋಚೈನಾಗೆ, ಅಂದ್ರೆ ವಿಯೆಟ್ನಾಂ ಕಡೆ ಫ್ರಾನ್ಸ್ ನಡೆಸ್ತಿದ್ದ ವಸಾಹತು ಯುದ್ಧಕ್ಕೆ, ಎರಡು ಸಲ ಹೋಗಿ ಬಂದ್ರು. ಅಲ್ಲಿ ಪ್ಯಾರಾಟ್ರೂಪರ್‌ಗಳ ಕಮಾಂಡರ್ ಆಗಿದ್ದಾಗ ಅವ್ರ ಮನಸ್ಸಲ್ಲಿ ಒಂದು ಕಸಿವಿಸಿ ಶುರುವಾಯ್ತು, ಆರ್ಡೆನ್ ಕಾಡಲ್ಲಿ ನಾವು ಏನಾಗಿದ್ವೋ ಇಲ್ಲಿ ಎದುರಿಗಿರೋ ವಿಯೆಟ್ನಾಮೀಯರು ಅದೇ ಆಗಿದಾರಲ್ಲ ಅಂತ. ಆದ್ರೂ ಸೈನ್ಯ ಬಿಡಲಿಲ್ಲ.

1956ರಲ್ಲಿ ಆಲ್ಜೀರಿಯಾಗೆ ಬಂದ್ರು. ಐವತ್ತು ತುಂಬೋಕೆ ಮುಂಚೆನೇ ಜನರಲ್, ಆ ಕಾಲದ ಫ್ರೆಂಚ್ ಸೈನ್ಯದಲ್ಲಿ ಅತಿ ಚಿಕ್ಕ ವಯಸ್ಸಿನ ಜನರಲ್‌ಗಳಲ್ಲಿ ಒಬ್ರು. ಕೊಟ್ಟ ಜಾಗ ಆಲ್ಜಿಯರ್ಸ್‌ನ ದಕ್ಷಿಣಕ್ಕಿರೋ ಬ್ಲಿಡಾ ಅಟ್ಲಾಸ್ ಬೆಟ್ಟಗಳ ಪೂರ್ವ ಭಾಗ. ಕೆಳಗೆ ಮಿತಿಜಾ ಬಯಲು, ಅಲ್ಲಿ ಯುರೋಪಿಯನ್ನರ ದೊಡ್ಡ ದೊಡ್ಡ ತೋಟಗಳು, ಮೇಲೆ ಬೆಟ್ಟದಲ್ಲಿ ಕೆಲಸ ಇಲ್ಲದ ಬಡ ಹಳ್ಳಿಗಳು. 1954ರ ನವೆಂಬರ್‌ನಲ್ಲಿ ಎಫ್‌ಎಲ್‌ಎನ್ ಅನ್ನೋ ಆಲ್ಜೀರಿಯಾದ ರಾಷ್ಟ್ರೀಯ ವಿಮೋಚನಾ ಸಂಘಟನೆ ಶುರು ಮಾಡಿದ ಸ್ವಾತಂತ್ರ್ಯ ಯುದ್ಧ ಅಷ್ಟು ಹೊತ್ತಿಗೆ ಎಲ್ಲಾ ಕಡೆ ಹಬ್ಬಿತ್ತು.

ಇಲ್ಲಿ ಅವ್ರು ಏನು ಮಾಡಿದ್ರು ಅನ್ನೋದನ್ನ ಈ ಕಥೆ ಹೇಳೋವ್ರು ಬಹಳಷ್ಟು ಸಲ ಬಿಟ್ಟುಬಿಡ್ತಾರೆ. ಅವ್ರು ರಸ್ತೆ ಕೆಲಸ ಶುರು ಮಾಡಿಸಿ ಕೂಲಿ ಇಲ್ಲದ ಹಳ್ಳಿ ಜನಕ್ಕೆ ಕೆಲಸ ಕೊಟ್ರು. ಚಿತ್ರಹಿಂಸೆ ಕೂಡದು ಅಂತ ತಮ್ಮ ಪಡೆಗೆ ಸ್ಪಷ್ಟವಾಗಿ ಹೇಳಿದ್ರು. ಕಮಾಂಡೋ ನೊಆರ್, ಅಂದ್ರೆ ಕಪ್ಪು ಕಮಾಂಡೋ ಅಂತ ಸಣ್ಣ ಸಣ್ಣ ತಂಡ ಕಟ್ಟಿದ್ರು, ಇವ್ರು ಬ್ಯಾರಕ್ಕಲ್ಲಿ ಕೂರದೆ ಹಳ್ಳಿಗಳಲ್ಲಿ ಓಡಾಡ್ತಾ ಜನರ ಜೊತೆ ಇರ್ಬೇಕು, ಎಲ್ಲಾ ಮುಸ್ಲಿಮರನ್ನೂ ಶತ್ರು ಅಂತ ನೋಡ್ಬಾರದು ಅನ್ನೋದು ಕಟ್ಟುನಿಟ್ಟು. ಆ ತಂಡಗಳ ಉಸ್ತುವಾರಿ ಲೆಫ್ಟಿನೆಂಟ್ ಕರ್ನಲ್ ರೋಜೆ ಬಾರ್ಬೆರೋ ಕೈಯಲ್ಲಿತ್ತು, ಅವ್ರೂ ಯುದ್ಧಕಾಲದ ಸಂಗಾತಿನೇ. ರಿಸರ್ವ್‌ನಿಂದ ಕರೆಸಿಕೊಂಡ ಅಧಿಕಾರಿಗಳಲ್ಲಿ ಒಬ್ರು ಲೆಫ್ಟಿನೆಂಟ್ ಜಾನ್-ಜಾಕ್ ಸೆರ್ವಾನ್-ಶ್ರೈಬರ್, ಪ್ಯಾರಿಸ್‌ನ ಲೆಕ್ಸ್‌ಪ್ರೆಸ್ ವಾರಪತ್ರಿಕೆಯ ಸ್ಥಾಪಕರು.

ನೇರವಾಗಿ ಹೇಳ್ಬೇಕು ಅಂದ್ರೆ ಇದರಿಂದ ಆಲ್ಜೀರಿಯಾದ ಪ್ರಶ್ನೆ ಬಗೆಹರೀತಿರ್ಲಿಲ್ಲ. ಆ ಜನಕ್ಕೆ ಬೇಕಾಗಿದ್ದು ಸ್ವಾತಂತ್ರ್ಯ, ಒಳ್ಳೆ ನಡತೆಯ ಫ್ರೆಂಚ್ ಸೈನಿಕರಲ್ಲ. ಬೊಲಾರ್ದಿಯೇರ್ ಕೂಡ ಆಗ ವಸಾಹತು ಸೈನ್ಯದ ಜನರಲ್ಲೇ, ಅದನ್ನ ಮುಚ್ಚಿಡೋದು ತಪ್ಪು. ಆದ್ರೆ ಮುಂದೆ ಅವ್ರು ಆಡಿದ ಮಾತಿಗೆ ತೂಕ ಬಂದಿದ್ದು ಇಲ್ಲಿಂದ. ಪ್ಯಾರಿಸ್‌ನಲ್ಲಿ ಕುರ್ಚಿ ಮೇಲೆ ಕೂತು ನೀತಿ ಹೇಳಿದವ್ರಲ್ಲ ಅವ್ರು, ಅದೇ ಯುದ್ಧದಲ್ಲಿ, ಅದೇ ಬೆಟ್ಟದಲ್ಲಿ, ಬೇರೆ ಥರ ನಡ್ಕೊಳ್ಳೋಕೆ ಆಗುತ್ತೆ ಅಂತ ತೋರಿಸ್ತಾ ಇದ್ದವ್ರು.

1957ರ ಜನವರಿ 7ಕ್ಕೆ ಎಲ್ಲಾ ಬದಲಾಯ್ತು. ಹಿಂದಿನ ಸೆಪ್ಟೆಂಬರ್‌ನಲ್ಲಿ ಆಲ್ಜಿಯರ್ಸ್‌ನ ಮಿಲ್ಕ್ ಬಾರ್, ಕಾಫಿಟೇರಿಯಾ ಥರದ ಜಾಗಗಳಲ್ಲಿ ಎಫ್‌ಎಲ್‌ಎನ್ ಬಾಂಬ್ ಇಟ್ಟಿತ್ತು, ಸತ್ತವ್ರು ಕೈಕಾಲು ಕಳ್ಕೊಂಡವ್ರು ಸಾಮಾನ್ಯ ಜನ, ಮಕ್ಕಳೂ ಇದ್ರು. ಆ ಭಯ ಸುಳ್ಳಲ್ಲ, ಅದನ್ನ ಹಗುರ ಮಾಡ್ಬಾರದು. ಸರ್ಕಾರ ಊರಿನ ಪೊಲೀಸ್ ಅಧಿಕಾರ ಪೂರ್ತಿ ತಗೊಂಡು ಜನರಲ್ ಜಾಕ್ ಮಸ್ಸೂ ಅವ್ರ 10ನೇ ಪ್ಯಾರಾಶೂಟ್ ಡಿವಿಷನ್‌ಗೆ ಕೊಟ್ಟುಬಿಡ್ತು. ಸೈನಿಕರೇ ಪೊಲೀಸ್, ಸೈನಿಕರೇ ತನಿಖೆ, ರಾತ್ರಿ ಮನೆಗೆ ನುಗ್ಗಿ ಎತ್ತಾಕೊಂಡು ಹೋಗೋದು. ಫೀಲ್ಡ್ ಟೆಲಿಫೋನ್‌ನ ಕೈಯಲ್ಲಿ ತಿರುಗಿಸೋ ಡೈನಮೋ ಇರುತ್ತಲ್ಲ, ಅದರ ವೈರ್ ಮೈಗೆ ಕಟ್ಟಿ ಶಾಕ್ ಕೊಡೋದು, ಅದಕ್ಕೆ ಸೈನಿಕರ ಭಾಷೇಲಿ ಜೆಜೆನ್ ಅಂತ ಒಂದು ಮುದ್ದಿನ ಹೆಸರೇ ಇತ್ತು.

ಮಸ್ಸೂ ಅಂದ್ರೆ ಯಾರೋ ಹೊರಗಿನವ್ರಲ್ಲ. ಅವ್ರೂ 1940ರಲ್ಲೇ ದ ಗಾಲ್ ಕಡೆ ಬಂದವ್ರು, ಅವ್ರಿಗೂ ಅದೇ 'ಸಂಗಾತಿ' ಗೌರವ. ಇಬ್ರೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಬೊಲಾರ್ದಿಯೇರ್ ಅವ್ರ ಸೆಕ್ಟರ್ ಮೇಲೂ ಅಧಿಕಾರ ಮಸ್ಸೂ ಅವ್ರದ್ದೇ. ಮಾರ್ಚ್ ಶುರುವಿನಲ್ಲಿ ಆದೇಶ ಬಂತು, ರಸ್ತೆ ಕೆಲಸ ಹಳ್ಳಿ ಕೆಲಸ ಎಲ್ಲಾ ಆಮೇಲೆ, ಮೊದಲು ಪೊಲೀಸ್ ಕಾರ್ಯಾಚರಣೆ ಚುರುಕು ಮಾಡಿ ಅಂತ. ಆ ಮಾತಿನ ಹಿಂದೆ ಏನಿದೆ ಅಂತ ಇಬ್ರಿಗೂ ಗೊತ್ತು. ಬೊಲಾರ್ದಿಯೇರ್ ನೇರವಾಗಿ ಹೋಗಿ ಮಸ್ಸೂ ಎದುರಿಗೆ ಹೇಳಿದ್ರು: ಈ ಆದೇಶ ನನ್ನ ಬದುಕಿನ ಬುಡದಲ್ಲಿರೋ ಮನುಷ್ಯನ ಮೇಲಿನ ಗೌರವಕ್ಕೇ ವಿರುದ್ಧ, ಇದರ ಹೊಣೆ ನಾನು ಹೊರಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಲಿಲ್ಲ. ಆಮೇಲೆ ಆಲ್ಜೀರಿಯಾದ ಒಟ್ಟು ಸೇನಾಧಿಪತಿ ಜನರಲ್ ರೌಲ್ ಸಲಾನ್ ಹತ್ರ ಹೋಗಿ ನನ್ನ ಈ ಹುದ್ದೆಯಿಂದ ಬಿಡಿಸಿ, ಫ್ರಾನ್ಸ್‌ಗೆ ಕಳಿಸಿ ಅಂದ್ರು.

ಆಗ ಅವ್ರ ಮುಂದೆ ಬೇರೆ ದಾರಿನೂ ಇತ್ತು. ಆದೇಶಕ್ಕೆ ಹೂಂ ಅಂದು ಅರ್ಧಂಬರ್ಧ ಪಾಲಿಸಬಹುದಿತ್ತು, ಎಷ್ಟೋ ಅಧಿಕಾರಿಗಳು ಹಾಗೇ ಮಾಡಿದ್ರು. ಅಥವಾ ಆರೋಗ್ಯ ಸರಿ ಇಲ್ಲ ಅಂತ ವರ್ಗ ಮಾಡಿಸಿಕೊಂಡು ಸುಮ್ಮನೆ ಜಾರಿಕೊಳ್ಳಬಹುದಿತ್ತು, ಇನ್ನೊಂದು ಸ್ಟಾರ್, ಒಳ್ಳೆ ಪಿಂಚಣಿ, ಯಾರೂ ಏನೂ ಅಂತಿರ್ಲಿಲ್ಲ. ನಮ್ಮಲ್ಲೂ ಆಫೀಸುಗಳಲ್ಲಿ ನೋಡಿದೀವಲ್ಲ, ತಪ್ಪು ಅಂತ ಗೊತ್ತಿದ್ರೂ "ನನ್ನ ಟೇಬಲ್‌ಗೆ ಬರ್ಲಿಲ್ಲ" ಅಂತ ಫೈಲ್ ಪಕ್ಕಕ್ಕೆ ಸರಿಸೋದು. ಅವ್ರು ಕಾರಣನ ಬಾಯಿಬಿಟ್ಟು ಹೇಳಿ, ಆಮೇಲೆ ಹುದ್ದೆ ಬಿಡೋಕೆ ಕೇಳಿದ್ರು. ಹೇಳ್ದೇ ಬಿಟ್ಟಿದ್ರೆ ಅದು ಬರೀ ವರ್ಗಾವಣೆ ಆಗಿರ್ತಿತ್ತು.

ಆ ಮಾರ್ಚ್ ಕೊನೇ ವಾರದ ತಾರೀಕುಗಳನ್ನ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮೈ ಜುಮ್ ಅಂತು. ಮಾರ್ಚ್ 23ಕ್ಕೆ ವಕೀಲ ಅಲಿ ಬೂಮೆಂಜೆಲ್ ಅವ್ರನ್ನ ಸೈನಿಕರು ಕಟ್ಟಡದ ಮೇಲಿಂದ ಕೆಳಗೆ ತಳ್ಳಿ ಕೊಂದು ಆತ್ಮಹತ್ಯೆ ಅಂತ ಹೇಳಿದ್ರು, ಅದು ಕೊಲೆ ಅಂತ ಫ್ರಾನ್ಸ್ ಅಧ್ಯಕ್ಷರು ಒಪ್ಪಿಕೊಂಡಿದ್ದು 2021ರ ಮಾರ್ಚ್‌ನಲ್ಲಿ, 64 ವರ್ಷ ಆದ್ಮೇಲೆ. ಮಾರ್ಚ್ 24ಕ್ಕೆ ಆಲ್ಜಿಯರ್ಸ್ ಪೊಲೀಸ್ ವಿಭಾಗದ ಮಹಾಕಾರ್ಯದರ್ಶಿ ಪಾಲ್ ತೆತ್ಜೆನ್ ರಾಜೀನಾಮೆ ಪತ್ರ ಬರೆದ್ರು. ಅವ್ರನ್ನ ನಾಜಿ ಗೆಸ್ಟಾಪೋದವ್ರು ಹಿಂಸಿಸಿದ್ರು, ಡಾಖಾವ್ ಕ್ಯಾಂಪ್ ನೋಡಿ ಬಂದಿದ್ರು, ಈಗ ಇಲ್ಲಿನ ಕೈದಿಗಳ ಮೈ ಮೇಲೆ ಅದೇ ಗುರುತು ಕಂಡೆ ಅಂತ ಬರೆದ್ರು. ರಾಜೀನಾಮೆ ಆಗ ಒಪ್ಪಲಿಲ್ಲ, ಸೆಪ್ಟೆಂಬರ್‌ವರೆಗೆ ಅಲ್ಲೇ ಇದ್ದು, ಹಿಡಿದು ತಂದವ್ರಲ್ಲಿ ಎಷ್ಟು ಜನ ಕಾಣೆಯಾದ್ರು ಅಂತ ಲೆಕ್ಕ ಇಟ್ರು. ಅವ್ರು ಕೊಟ್ಟ ಸಂಖ್ಯೆ 3,024. ಮಾರ್ಚ್ 27ಕ್ಕೆ ಬೊಲಾರ್ದಿಯೇರ್ ಪತ್ರ.

ಸೆರ್ವಾನ್-ಶ್ರೈಬರ್ ಅಷ್ಟೊತ್ತಿಗೆ ಪ್ಯಾರಿಸ್‌ಗೆ ವಾಪಸ್ ಹೋಗಿ ತಾನು ಕಂಡಿದ್ದನ್ನೆಲ್ಲ ಲೆಕ್ಸ್‌ಪ್ರೆಸ್‌ನಲ್ಲಿ ಬರೀತಾ ಇದ್ರು. ಸೈನ್ಯದ ಸ್ಥೈರ್ಯ ಕೆಡಿಸ್ತಾ ಇದಾನೆ ಅಂತ ಅವ್ರ ಮೇಲೆ ಕೇಸ್ ಬಿತ್ತು. ಹಳೆ ಕಮಾಂಡರ್‌ಗೆ ನೀವೊಂದು ಮಾತು ಹೇಳ್ತೀರಾ ಅಂತ ಕೇಳಿದ್ರು. ಬೊಲಾರ್ದಿಯೇರ್ ಹೇಳಿದ್ರು. ಪತ್ರ ಚಿಕ್ಕದು. ಈತ ನನ್ನ ಕೈಕೆಳಗೆ ಆರು ತಿಂಗಳು ಕೆಲಸ ಮಾಡಿದಾನೆ, ನಮ್ಮ ಕಷ್ಟ ನೋಡಿದಾನೆ, ಪತ್ರಕರ್ತನಾಗಿ ಜನಕ್ಕೆ ತಿಳಿಸೋದು ಒಳ್ಳೇದೇ ಅಂದ್ರು. ಜೊತೆಗೆ ಆ ಒಂದು ವಾಕ್ಯ: ತಕ್ಷಣದ ಪರಿಣಾಮ ಸಿಗುತ್ತೆ ಅನ್ನೋ ಸುಳ್ಳು ನೆಪದಲ್ಲಿ, ಇಲ್ಲಿವರೆಗೆ ನಮ್ಮ ನಾಗರಿಕತೆಗೂ ಸೈನ್ಯಕ್ಕೂ ಹಿರಿಮೆ ಕೊಟ್ಟ ನೈತಿಕ ಮೌಲ್ಯಗಳನ್ನ ಮರೆತ್ರೆ ಅದು ಭಯಂಕರ ಅಪಾಯ ಅನ್ನೋ ಅರ್ಥದ್ದು. ಯಾರ ಹೆಸರೂ ಎತ್ತಲಿಲ್ಲ, ಚಿತ್ರಹಿಂಸೆಯ ವಿವರ ಕೊಡ್ಲಿಲ್ಲ, ಗುಟ್ಟು ಬಿಡ್ಲಿಲ್ಲ. ಮಾರ್ಚ್ 29ಕ್ಕೆ ಪತ್ರಿಕೇಲಿ ಬಂತು. ಸೇವೆಯಲ್ಲಿರೋ ಜನರಲ್ ಒಬ್ರ ಸಹಿ ಅದರ ಕೆಳಗಿದೆ ಅನ್ನೋದೇ ಸಾಕಾಯ್ತು ಸರ್ಕಾರಕ್ಕೆ.

ಪ್ಯಾರಿಸ್ ಹೊರವಲಯದ ಲಾ ಕೂರ್ನೊವ್ ಕೋಟೆಯಲ್ಲಿ 60 ದಿನ. ಆಮೇಲೆ ಮಧ್ಯ ಆಫ್ರಿಕಾದ ಬ್ರಾಝವಿಲ್‌ಗೆ ಹಾಕಿದ್ರು, ಆಮೇಲೆ ಜರ್ಮನಿಗೆ, ಎರಡೂ ಕಡೆ ಯುದ್ಧದಿಂದ ದೂರ. ಉಂಡ ಮನೆಗೆ ಎರಡು ಬಗೆದವ್ರ ಥರ ನೋಡಿದ್ರು ಎಷ್ಟೋ ಜನ ಸಹೋದ್ಯೋಗಿಗಳು. ಇಪ್ಪತ್ತೇಳು ವರ್ಷ ಒಟ್ಟಿಗೆ ಊಟ ಮಾಡಿದವ್ರು ಮುಖ ತಿರುಗಿಸೋದು ಕೋಟೆವಾಸಕ್ಕಿಂತ ದೊಡ್ಡ ಶಿಕ್ಷೆ ಅಂತ ನನಗೆ ಅನ್ಸುತ್ತೆ. ಅಷ್ಟು ಎತ್ತರದ ದರ್ಜೆಯಲ್ಲಿ ಇದ್ದುಕೊಂಡು ಬಹಿರಂಗವಾಗಿ ಚಿತ್ರಹಿಂಸೆ ಖಂಡಿಸಿ ಶಿಕ್ಷೆ ತಗೊಂಡವ್ರು ಆ ಇಡೀ ಯುದ್ಧದಲ್ಲಿ ಇವ್ರೊಬ್ರೇ.

ಇಲ್ಲಿ ಯಾವಾಗ್ಲೂ ಬರೋ ಪ್ರಶ್ನೆ ಒಂದಿದೆ: ಬಾಂಬ್ ಎಲ್ಲಿಟ್ಟಿದಾರೆ ಅಂತ ಗೊತ್ತಿರೋನು ಕೈಗೆ ಸಿಕ್ರೆ ಏನು ಮಾಡ್ತೀರಿ, ಮಕ್ಕಳು ಸಾಯ್ಲಿ ಅಂತ ಬಿಡ್ತೀರಾ? ಮಸ್ಸೂ ವಾದ ಅದೇ, 1971ರಲ್ಲಿ ತಮ್ಮ ನೆನಪಿನ ಪುಸ್ತಕದಲ್ಲಿ ಅದನ್ನೇ ಸಮರ್ಥಿಸಿಕೊಂಡ್ರು, ಜೆಜೆನ್ ಶಾಕ್‌ನ ತಮ್ಮ ಮೇಲೇ ಟ್ರೈ ಮಾಡಿ ನೋಡಿದೀನಿ, ಅಂಥದ್ದೇನಲ್ಲ ಅಂದ್ರು. ತನ್ನ ಆಫೀಸಲ್ಲಿ, ತನ್ನ ಜನರ ಮಧ್ಯೆ, ಬೇಕು ಅಂದಾಗ ನಿಲ್ಲಿಸೋ ಅಧಿಕಾರ ಇಟ್ಕೊಂಡು ತಗೊಂಡ ಶಾಕ್‌ಗೂ, ಕಣ್ಣಿಗೆ ಬಟ್ಟೆ ಕಟ್ಟಿ ಬೆತ್ತಲೆ ಮಲಗಿಸಿದವನಿಗೆ ಕೊಟ್ಟ ಶಾಕ್‌ಗೂ ಏನು ಸಂಬಂಧ. ಮುಂದಿನ ವರ್ಷವೇ ಬೊಲಾರ್ದಿಯೇರ್ ತಮ್ಮ ಪುಸ್ತಕದಲ್ಲಿ ಉತ್ತರ ಕೊಟ್ರು. ಬಾಂಬ್ ಪ್ರಶ್ನೆಗೆ ನನ್ನ ಉತ್ತರನೂ ಇಲ್ಲೇ ಹೇಳ್ತೀನಿ: ಹಿಡಿದು ತಂದ ಸಾವಿರಾರು ಜನರಲ್ಲಿ ಬಾಂಬ್ ಗೊತ್ತಿದ್ದವ್ರು ಬೆರಳೆಣಿಕೆ, ಹಿಂಸೆ ಎಲ್ಲರಿಗೂ. ಊರಲ್ಲಿ ಎಫ್‌ಎಲ್‌ಎನ್ ಜಾಲ ಆ ವರ್ಷ ಮುರಿದುಬಿತ್ತು ನಿಜ, ಆದ್ರೆ ಹಿಂಸೆ ತಿಂದು ಬಂದ ಪ್ರತಿ ಮನೆಯೂ ಫ್ರಾನ್ಸ್‌ಗೆ ಶಾಶ್ವತವಾಗಿ ಎದುರು ನಿಲ್ತು, 1962ರಲ್ಲಿ ಆಲ್ಜೀರಿಯಾ ಸ್ವತಂತ್ರ ಆಯ್ತು.

1961ರ ಏಪ್ರಿಲ್‌ನಲ್ಲಿ ದ ಗಾಲ್ ವಿರುದ್ಧ ಆಲ್ಜಿಯರ್ಸ್‌ನಲ್ಲಿ ನಾಲ್ಕು ಜನ ಜನರಲ್‌ಗಳು ದಂಗೆ ಎದ್ರು. ಅದರಲ್ಲಿ ಒಬ್ರು ಸಲಾನ್, ಬೊಲಾರ್ದಿಯೇರ್ ನಾಲ್ಕು ವರ್ಷದ ಹಿಂದೆ ಹುದ್ದೆಯಿಂದ ಬಿಡಿಸಿ ಅಂತ ಕೇಳೋಕೆ ಹೋಗಿದ್ರಲ್ಲ ಅದೇ ಸಲಾನ್. ಬೊಲಾರ್ದಿಯೇರ್‌ಗೆ ಸಾಕಾಯ್ತು, ಅವಧಿಗೆ ಮುಂಚೆನೇ ನಿವೃತ್ತಿ ತಗೊಂಡು ಪಶ್ಚಿಮ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯಕ್ಕೆ ಹೋಗಿ, ಕೆಲಸಗಾರರ ವಯಸ್ಕ ಶಿಕ್ಷಣದಲ್ಲಿ ತೊಡಗಿಸಿಕೊಂಡ್ರು. ಸಲಾನ್‌ಗೆ 1962ರಲ್ಲಿ ಜೀವಾವಧಿ ಆಯ್ತು, 1968ರಲ್ಲಿ ಕ್ಷಮಾದಾನ ಸಿಕ್ತು, 1982ರ ಕಾನೂನಿನಲ್ಲಿ ದಂಗೆ ಎದ್ದ ಜನರಲ್‌ಗಳಿಗೆ ದರ್ಜೆನೂ ವಾಪಸ್ ಬಂತು. ಗಣರಾಜ್ಯದ ಮೇಲೆ ಬಂದೂಕು ತಿರುಗಿಸಿದವ್ರಿಗೆ ಇಷ್ಟು ದೊಡ್ಡ ಮನಸ್ಸು ಮಾಡಿದ್ದು ನೋಡಿದಾಗ ನನಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

1970ರಲ್ಲಿ ಲೋರಿಯಾಂ ಊರಲ್ಲಿ ಜಾನ್-ಮರಿ ಮ್ಯೂಲರ್ ಅನ್ನೋ ಯುವ ಚಿಂತಕರ ಭಾಷಣ ಕೇಳೋಕೆ ಹೋದ್ರು. ಮ್ಯೂಲರ್ ಗಾಂಧೀನ ಆಳವಾಗಿ ಓದಿಕೊಂಡವ್ರು, ಮುಂದೆ 2013ರಲ್ಲಿ ನಮ್ಮ ದೇಶದ ಜಮ್ನಾಲಾಲ್ ಬಜಾಜ್ ಪ್ರಶಸ್ತಿನೂ ಅವ್ರಿಗೆ ಬಂತು. ಅರವತ್ತೆರಡು ವರ್ಷದ ಪ್ಯಾರಾಟ್ರೂಪರ್ ಜನರಲ್ ಆ ದಿನದಿಂದ ಅಹಿಂಸೆಯ ದಾರಿ ಹಿಡಿದ್ರು. ಸಬರಮತಿಯ ಮಾತು ನಾರ್ವಿಕ್, ಅಲಮೇನ್ ನೋಡಿ ಬಂದ ಸೈನಿಕನ ಕಿವಿಗೆ ಹೀಗೆ ಹೋಗಿ ಮುಟ್ಟಿತಲ್ಲ ಅಂತ ನನಗೆ ಖುಷಿ. ದಕ್ಷಿಣ ಫ್ರಾನ್ಸಿನ ಲಾರ್ಝಾಕ್‌ನಲ್ಲಿ ಮಿಲಿಟರಿ ಕ್ಯಾಂಪ್‌ಗೆ ಜಮೀನು ಬಿಡಲ್ಲ ಅಂತ ಕೂತ ರೈತರ ಜೊತೆ ನಿಂತ್ರು. 1973ರಲ್ಲಿ ಪೆಸಿಫಿಕ್ ಸಮುದ್ರದ ಮುರುರೋವಾದಲ್ಲಿ ಫ್ರಾನ್ಸ್ ಅಣುಬಾಂಬ್ ಪರೀಕ್ಷೆ ಮಾಡೋದನ್ನ ತಡೆಯೋಕೆ ಮ್ಯೂಲರ್, ಜಾನ್ ತೂಲಾ, ಬ್ರೀಸ್ ಲಲೋಂಡ್ ಜೊತೆ 'ಫ್ರಿ' ಅನ್ನೋ ಹಾಯಿದೋಣಿ ಹತ್ತಿದ್ರು, ಜುಲೈ 17ಕ್ಕೆ ಫ್ರೆಂಚ್ ನೌಕಾಪಡೆ ದೋಣಿಗೆ ನುಗ್ಗಿ ಎಲ್ಲರನ್ನೂ ಹಿಡೀತು. ಸರ್ಕಾರ ಶಿಸ್ತುಕ್ರಮ ಅಂತ ಅವ್ರನ್ನ ಸೈನ್ಯದ ಪಟ್ಟಿಯಿಂದಲೇ ಹೊರಗೆ ಹಾಕ್ತು. 1974ರಿಂದಾಚೆ ಫ್ರಾನ್ಸ್ ಆಕಾಶದಲ್ಲಿ ಅಣುಪರೀಕ್ಷೆ ಮಾಡೋದು ನಿಲ್ಲಿಸ್ತು. 1986ರ ಫೆಬ್ರವರಿ 22ಕ್ಕೆ ಬ್ರಿಟನಿಯ ಗಿಡೆಲ್‌ನಲ್ಲಿ ತೀರಿಕೊಂಡ್ರು.

ಪ್ರಕರಣ ಅಲ್ಲಿಗೆ ಮುಗೀಲಿಲ್ಲ. 2000ದ ಜೂನ್‌ನಲ್ಲಿ ಲೂಯಿಜೆತ್ ಇಗಿಲಾರಿಜ್ ಅನ್ನೋ ಆಲ್ಜೀರಿಯಾದ ಮಹಿಳೆ, 1957ರಲ್ಲಿ ಮಸ್ಸೂ ಡಿವಿಷನ್ ಕೈಯಲ್ಲಿ ತಾನು ಅನುಭವಿಸಿದ್ದನ್ನ ಲೆ ಮೊಂದ್ ಪತ್ರಿಕೆಗೆ ಹೇಳಿದ್ರು, ತನ್ನ ಜೀವ ಉಳಿಸಿದ ಒಬ್ಬ ಫ್ರೆಂಚ್ ಸೈನ್ಯದ ಡಾಕ್ಟರ್‌ಗೆ ಥ್ಯಾಂಕ್ಸ್ ಹೇಳ್ಬೇಕು, ಅವ್ರನ್ನ ಹುಡುಕ್ತಾ ಇದೀನಿ ಅಂದ್ರು. ಎರಡು ದಿನಕ್ಕೆ ಅದೇ ಪತ್ರಿಕೇಲಿ ಮಸ್ಸೂ ಮಾತು ಬಂತು, ಆಗ ಅವ್ರಿಗೆ 92 ವರ್ಷ. ಚಿತ್ರಹಿಂಸೆ ಇಲ್ಲದೇನೂ ನಡೀತಿತ್ತು, ಬೇರೆ ಥರ ಮಾಡಬಹುದಿತ್ತು ಅಂತ ಒಪ್ಪಿಕೊಂಡ್ರು. 1957ರ ಮಾರ್ಚ್‌ನಲ್ಲಿ ಎದುರಿಗೆ ನಿಂತು ಇದೇ ಮಾತು ಹೇಳಿದ್ದವ್ರು ತೀರಿಕೊಂಡು ಆಗ್ಲೇ 14 ವರ್ಷ ಆಗಿತ್ತು.

ಅದೇ ವರ್ಷ ಅಕ್ಟೋಬರ್ 31ಕ್ಕೆ, ಫ್ರಾನ್ಸ್ ತನ್ನ ಹೆಸರಲ್ಲಿ ನಡೆದ ಚಿತ್ರಹಿಂಸೆನ ಬಹಿರಂಗವಾಗಿ ಖಂಡಿಸ್ಬೇಕು ಅಂತ ಹನ್ನೆರಡು ಜನ ಸಹಿ ಮಾಡಿದ ಮನವಿ ಲುಮಾನಿತೆ ಪತ್ರಿಕೇಲಿ ಬಂತು. ಆ ಹಿಂಸೆ ಖುದ್ದಾಗಿ ತಿಂದು ಬಂದ ಪತ್ರಕರ್ತ ಆನ್ರಿ ಅಲೆಗ್ ಸಹಿ ಇತ್ತು, 1957ರ ಜೂನ್‌ನಲ್ಲಿ ಸೈನಿಕರು ಎತ್ತಿಕೊಂಡು ಹೋದ ಗಣಿತದ ಮೇಷ್ಟ್ರು ಮೋರಿಸ್ ಓದಾಂ ಅವ್ರ ಹೆಂಡತಿ ಜೋಜೆತ್ ಸಹಿ ಇತ್ತು, ಅವ್ರ ಸಾಲಿನಲ್ಲೇ ಜನರಲ್ ಅವ್ರ ಹೆಂಡತಿ ಸಿಮೋನ್ ದ ಬೊಲಾರ್ದಿಯೇರ್ ಅವ್ರದ್ದೂ ಇತ್ತು.